ಬಾಕಿ ಉಳಿದ ರಾಕ್ಷಸ

ಬೆಟ್ಟದ ಮೇಲಿನ ಕೋಟೆಯಲ್ಲಿ ರಾಕ್ಷಸನೊಬ್ಬ ಕೂತು, ಲೋಕವನ್ನೆಲ್ಲ ಸುಟ್ಟು ಬೂದಿ ಮಾಡುತ್ತೇನೆಂದು ಗುಡುಗುತ್ತಿದ್ದ. ಅವನನ್ನು ಕೊಲ್ಲಬೇಕಾದ ವೀರ ಮೂರು ತಿಂಗಳಿಂದ ಕೆರೆ ದಂಡೆಯಲ್ಲಿ ಕೂತು ಮೀನು ಹಿಡಿಯುತ್ತಿದ್ದ. ಇದಕ್ಕೆ ಕಾರಣ ಬಸವೇಶ್ವರನಗರದ ಬಸವರಾಜೇಶ್ವರಿಯವರು. ವಯಸ್ಸು ಅರವತ್ತೊಂದು, ಎರಡೂ ಮಂಡಿ ನೋವು, ಬಾಯಿ ಮಾತ್ರ ಗಟ್ಟಿ. ಲೋಕ ಸುಟ್ಟುಹೋಗುತ್ತದೆ ಎಂದು ಆ ವಿಡಿಯೊ ಗೇಮು ದಿನಾ ಎಚ್ಚರಿಸಿದರೂ ಅವರು ಕ್ಯಾರೇ ಅಂದಿರಲಿಲ್ಲ.

ವೀರನನ್ನು ಕಂಡರೇ ಅವರಿಗೆ ತಾತ್ಸಾರ. ಹೆಗಲವರೆಗೆ ಇಳಿಬಿಟ್ಟ ಕೂದಲು, ಸೊಂಟಕ್ಕೊಂದು ಕತ್ತಿ, ಮುಖದಲ್ಲಿ ಸದಾ ಯಾರೋ ಹೊಡೆದು ಕಳಿಸಿದಂಥ ಗಾಂಭೀರ್ಯ. ಊರೊಳಗೆ ಕಾಲಿಟ್ಟರೆ ಸಾಕು, ಸೊಪ್ಪು ಮಾರುವವಳಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಅವನನ್ನು ತಡೆದು, ನೀನೇ ನಮ್ಮ ಕೊನೆಯ ಆಸೆ ಎಂದು ಇಂಗ್ಲಿಷಿನಲ್ಲಿ ಗೋಳಾಡುತ್ತಿದ್ದರು. "ಒಂದು ಬಾಚಣಿಗೆ ಕೊಂಡ್ಕೊಳ್ಳೋ ಯೋಗ್ಯತೆ ಇಲ್ಲ, ಇವನು ಲೋಕ ಉದ್ಧಾರ ಮಾಡ್ತಾನಂತೆ" ಎಂದು ಮೂಗು ಮುರಿದು, ಬಸವರಾಜೇಶ್ವರಿಯವರು ಅವನನ್ನು ದರದರನೆ ಕೆರೆ ಕಡೆಗೆ ಎಳೆದುಕೊಂಡು ಹೋಗುತ್ತಿದ್ದರು.

ಆಟದ ಪೆಟ್ಟಿಗೆ ತಂದದ್ದು ಮಗ ಗಿರಿರಾಜ್. ಹಾವನೂರು ಸರ್ಕಲ್ ಹತ್ತಿರ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡಿರುವ ಈ ಮಹಾಶಯ, ಸ್ಕೂಟರಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಎರಡು ತಿಂಗಳು ಮನೆ ಹಿಡಿದಿದ್ದ. ಮೂವತ್ತಮೂರರ ಗಂಡಸು ಹಗಲೆಲ್ಲ ಹಾಲಿನ ದಿವಾನದ ಮೇಲೆ ಕಾಲು ಚಾಚಿಕೊಂಡು, ಟಿವಿಯೊಳಗಿನ ಕಾಡುಹಂದಿ, ಅಸ್ಥಿಪಂಜರ, ಮೂರು ತಲೆಯ ಹಾವುಗಳ ಜೊತೆ ಬಡಿದಾಡಿದ. ತಾಯಿ ಕೂತಲ್ಲಿಗೇ ಊಟ ತಂದುಕೊಟ್ಟು, ತಟ್ಟೆ ಎತ್ತಿಕೊಂಡು ಹೋಗಿ, ಮಧ್ಯೆ ಮಧ್ಯೆ ಬೈಯುತ್ತಿದ್ದರು. ಒಂದು ಮಧ್ಯಾಹ್ನ ಅವನಿಗೆ ಯಾರದೋ ಫೋನು ಬಂತು.

"ಅಮ್ಮ, ಒಂದ್ನಿಮಿಷ ಇದನ್ನ ಹಿಡ್ಕೊಂಡಿರು. ಏನೂ ಒತ್ಬೇಡ" ಎಂದು ಕಂಟ್ರೋಲರನ್ನು ಅವರ ಕೈಗಿಟ್ಟು ಕುಂಟುತ್ತ ಬಾಲ್ಕನಿಗೆ ಹೋದ.

ಒತ್ತಬೇಡ ಅಂದದ್ದನ್ನು ಒತ್ತದೆ ಬಿಡುವ ಹೆಂಗಸು ಬಸವರಾಜೇಶ್ವರಿ ಅಲ್ಲ. ಒತ್ತಿದರು. ಕೆರೆ ದಂಡೆಯಲ್ಲಿ ನಿಂತಿದ್ದ ಹುಡುಗ ಬೆನ್ನಿನಿಂದ ಒಂದು ಗಾಳದ ಕೋಲು ತೆಗೆದು ಬೀಸಿದ. ದಾರ ಹಾರಿ, ಪುಟ್ಟ ಕೆಂಪು ಬೆಂಡೊಂದು ನೀರಿನ ಮೇಲೆ ಟಪ್ ಎಂದು ಕೂತಿತು. ಸುತ್ತ ಅಲೆ ಎದ್ದಿತು. ಎಲ್ಲೋ ಒಂದು ಹಕ್ಕಿ ಕೂಗಿತು. ಬಸವರಾಜೇಶ್ವರಿಯವರು ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಗಿರಿರಾಜ್ ಫೋನು ಮುಗಿಸಿ ಬಂದಾಗ ಕಂಟ್ರೋಲರ್ ವಾಪಸು ಕೊಡಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮಗ ಮತ್ತೆ ಕ್ಲಿನಿಕ್ಕಿಗೆ ಹೊರಟ. ಆಟ ಅಮ್ಮನ ಪಾಲಿಗೆ ಬಂತು. ಮೊದಲ ದಿನ ಹುರುಪಿನಲ್ಲಿ ಅವರೂ ಕತ್ತಿ ಹಿಡಿದು ಕಾಡಿಗೆ ನುಗ್ಗಿದ್ದುಂಟು. ಒಂದೇ ಒಂದು ಕಾಡುಹಂದಿ ಅವರನ್ನು ಎಂಟು ಸಲ ಕೊಂದಿತು. ಎಂಟನೆಯ ಸಲ ಸತ್ತಾಗ, "ಹೋಗತ್ಲಾಗೆ, ಈ ಕಟುಕರ ಕೆಲಸ ಯಾರಿಗೆ ಬೇಕು" ಎಂದು ಹಂದಿಗೇ ಶಾಪ ಹಾಕಿ ಕೆರೆಗೆ ಮರಳಿದವರು ಮತ್ತೆ ಅತ್ತ ತಲೆ ಹಾಕಲಿಲ್ಲ.

ಮೀನು ಹಿಡಿಯುವುದು ಅವರಿಗೆ ಕೈಹತ್ತಿತು. ಬೆಂಡು ನೀರಿನ ಮೇಲೆ ಕೂತಿರುತ್ತದೆ. ಮೀನು ಮೊದಲು ಸುಮ್ಮನೆ ಮೂತಿ ತಾಗಿಸಿ ನೋಡುತ್ತದೆ, ಒಂದು ಸಲ, ಎರಡು ಸಲ. ಆಗ ಎಳೆದವನು ಪೆದ್ದ. ಬೆಂಡು ಪೂರ್ತಿ ಮುಳುಗಿ, ಕಂಟ್ರೋಲರ್ ಅಂಗೈಯಲ್ಲಿ ಗುರ್ರೆಂದು ನಡುಗಿದಾಗಲೇ ಎಳೆಯಬೇಕು. ಎಳೆಯುತ್ತಲೇ ಇದ್ದರೂ ಕೆಟ್ಟಿತು. ಮೀನು ಸಿಟ್ಟಾದರೆ ದಾರ ಕೆಂಪಗಾಗುತ್ತದೆ, ಆಗ ಸಡಿಲ ಬಿಡಬೇಕು. ಹಾರಾಡಿ ಸುಸ್ತಾದಾಗ ಮೆಲ್ಲಗೆ ಸುತ್ತಿಕೊಳ್ಳಬೇಕು. ಗುರುಸಿದ್ದಯ್ಯನವರ ಜೊತೆ ಮೂವತ್ತೈದು ವರ್ಷ ಸಂಸಾರ ಮಾಡಿದವರಿಗೆ ಈ ವಿದ್ಯೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ.

ದಿನಾ ಮಧ್ಯಾಹ್ನ ಮೂರರಿಂದ ನಾಲ್ಕು. ಯಜಮಾನರು ಉಂಡು ಮಲಗಿ, ಗೊರಕೆ ಹೊಡೆದು, ಕಾಫಿಗೆ ಏಳುವವರೆಗಿನ ಹೊತ್ತು. ಆ ಒಂದು ಗಂಟೆಯಲ್ಲಿ ಕನ್ನಡಕ ಎಲ್ಲಿ ಎಂದು ಯಾರೂ ಕೇಳುವುದಿಲ್ಲ, ಸಾರಿಗೆ ಉಪ್ಪು ಕಡಿಮೆ ಎಂದು ಯಾರೂ ಹೇಳುವುದಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರಿಗೆ ತಮ್ಮದು ಅಂತ ಸಿಕ್ಕಿದ್ದು ಅದೊಂದೇ. ಕೆರೆಯ ನೀರು ಆಟದೊಳಗಿನ ಸಂಜೆಗೆ ಕೇಸರಿಯಾಗುವುದನ್ನು ನೋಡುತ್ತ ಕೂತಾಗ ಅವರಿಗೆ ಸುಖವಾಗುತ್ತಿತ್ತು, ಆ ಸುಖಕ್ಕೆ ಅವರೇನೂ ನಾಚಿಕೊಳ್ಳುತ್ತಿರಲಿಲ್ಲ.

ಹಿಡಿದ ಮೀನನ್ನು ಏನು ಮಾಡುತ್ತೀಯ ಎಂದು ಆಟ ಕೇಳುತ್ತಿತ್ತು: ಮಾರು, ಬೇಯಿಸು, ಬಿಡು. ಮೊಟ್ಟೆ ಹಾಕಿದ ಕೇಕನ್ನೂ ಹೊಸ್ತಿಲು ದಾಟಿಸದ ಮನೆತನ ಅವರದು. ಬಿಡು ಎಂಬುದನ್ನೇ ಒತ್ತುತ್ತಿದ್ದರು. ಮನಸ್ಸಿಗೆ ಹಿಡಿಸಿದ ಹನ್ನೆರಡನ್ನು ಮಾತ್ರ ವೀರನ ಗುಡಿಸಲ ಹಿಂದಿನ ಕಲ್ಲುತೊಟ್ಟಿಯಲ್ಲಿ ಬಿಟ್ಟುಕೊಂಡಿದ್ದರು. ತುಟಿ ಉಬ್ಬಿಸಿಕೊಂಡು ಸದಾ ಮುನಿದಂತಿದ್ದ ಒಂದಕ್ಕೆ ದಾವಣಗೆರೆ ನಾದಿನಿಯ ಹೆಸರು. ಮೈತುಂಬ ಬಂಗಾರದ ಚುಕ್ಕಿ ಹೊತ್ತು ಎಲ್ಲರ ಮುಂದೆ ಸುಳಿದಾಡುತ್ತಿದ್ದುದು ಹಾವೇರಿಯ ಓರಗಿತ್ತಿ. ಆಟ ಶುರು ಮಾಡುವ ಮೊದಲು ತೊಟ್ಟಿಯ ಹತ್ತಿರ ಹೋಗಿ ಈ ಬಳಗವನ್ನೆಲ್ಲ ಒಂದು ಸುತ್ತು ಆಡಿಕೊಂಡು ಬರುವುದು ಅವರ ಪದ್ಧತಿ.

ಒಂದು ದಿನ ಕರೆಂಟು ಹೋಗಿ ಫ್ಯಾನು ನಿಂತು, ಗುರುಸಿದ್ದಯ್ಯನವರಿಗೆ ಮೂರೂವರೆಗೇ ಎಚ್ಚರವಾಯಿತು. ಯುಪಿಎಸ್ ಮೇಲೆ ಟಿವಿ ಮಾತ್ರ ಓಡುತ್ತಿತ್ತು. ಬನಿಯನ್ನಿನಲ್ಲೇ ಹಾಲಿಗೆ ಬಂದವರು ಹೆಂಡತಿಯ ಕೈಯಲ್ಲಿದ್ದುದನ್ನೂ ಟಿವಿಯಲ್ಲಿ ಒದ್ದಾಡುತ್ತಿದ್ದ ಮೀನನ್ನೂ ನೋಡಿ ಕಣ್ಣರಳಿಸಿದರು.

"ಏನೇ ಇದು? ಕೊರಳಲ್ಲಿ ಲಿಂಗ ಇಟ್ಕೊಂಡು ಮೀನು ಹಿಡೀತಾ ಇದೀಯಾ?"

"ಹಿಡಿದು ಬಿಡ್ತಾ ಇದೀನಿ ರೀ."

"ಬಿಡೋದಾದ್ರೆ ಹಿಡಿಯೋದ್ಯಾಕೆ?"

"ನೀವು ಮೂವತ್ತೆಂಟು ವರ್ಷ ಆಫೀಸಿಗೆ ಹೋಗಿ ಬಂದ್ರಲ್ಲ, ಹಂಗೇ."

ಗುರುಸಿದ್ದಯ್ಯನವರು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ನಿವೃತ್ತಿಯಾಗಿ ಎಂಟು ವರ್ಷವಾದರೂ ಬಾಯಿಂದ ಕಡತದ ಭಾಷೆ ಇಳಿದಿಲ್ಲ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ತರಿಸುವುದು ಅವರಿಗೆ 'ಪ್ರಸ್ತಾವನೆ', ಹುರುಳಿಕಾಯಿ ತರುವುದು ಮರೆತರೆ 'ಮುಂದಿನ ಕ್ರಮಕ್ಕಾಗಿ'. ಹೆಂಡತಿಯ ಮಾತು ಕೇಳದವರಂತೆ ಟಿವಿಯ ಮುಂದೆ ನಿಂತು, ಮೂಲೆಯಲ್ಲಿ ಹೊಗೆಯಾಡುತ್ತಿದ್ದ ಬೆಟ್ಟದ ಕಡೆ ಬೆರಳು ತೋರಿಸಿದರು.

"ಅದೇನದು?"

"ರಾಕ್ಷಸನ ಕೋಟೆ. ಅವನನ್ನ ಕೊಲ್ಬೇಕಂತೆ."

"ಕೊಂದ್ಯಾ?"

"ನನಗೇನು ಮಾಡಿದಾನೆ ಅವನು?"

"ಅಂದ್ರೆ ಇಷ್ಟು ದಿನದಿಂದ ಪೆಂಡಿಂಗಾ?" ಗುರುಸಿದ್ದಯ್ಯನವರಿಗೆ ನಿಜವಾಗಿ ಆಘಾತವಾಗಿತ್ತು. "ಜನ ಅಹವಾಲು ಕೊಡ್ತಾ ಇದಾರೆ, ರಾಕ್ಷಸ ಓಡಾಡ್ಕೊಂಡಿದಾನೆ, ನೀನು ಯಾವ ಕ್ರಮಾನೂ ತಗೊಳ್ದೆ ಗಾಳ ಹಾಕ್ಕೊಂಡು ಕೂತಿದೀಯಾ?"

ಸರ್ವಿಸಿನಲ್ಲಿದ್ದಾಗ ಟೇಬಲ್ಲಿನ ಮೇಲಿನ ಕಡತಕ್ಕೆ ಗೆದ್ದಲು ಹತ್ತಿದರೂ ಕೈಯಾಡಿಸದ ಮನುಷ್ಯ ಇವರು. ಒಬ್ಬ ವಿಧವೆಯ ಪಿಂಚಣಿ ಕಾಗದದ ಮೇಲೆ ನಾಲ್ಕು ವರ್ಷ ಟೀ ಲೋಟ ಇಟ್ಟು ಇಟ್ಟು ವೃತ್ತ ಮೂಡಿಸಿದ್ದನ್ನು ತಾವೇ ನಗುತ್ತ ಹೇಳಿಕೊಂಡಿದ್ದರು. ಅಂಥವರಿಗೆ ಈಗ ಟಿವಿಯೊಳಗಿನ ಊರಿನವರ ಮೇಲೆ ಕರುಣೆ ಉಕ್ಕಿತು. ಬಸವರಾಜೇಶ್ವರಿಯವರು ದಾರ ಸಡಿಲ ಬಿಟ್ಟರು.

ಮಾರನೆಯ ದಿನದಿಂದ ಯಜಮಾನರು ಮೂರು ಗಂಟೆಗೇ ಎದ್ದು, ಪೇಪರು ಹಿಡಿದು ಹಾಲಿನಲ್ಲಿ ಕೂರತೊಡಗಿದರು. ಪೇಪರು ಮುಖದ ಮುಂದೆ, ಕಣ್ಣು ಅದರ ಅಂಚಿನಾಚೆ. "ಈ ಮಕ್ಕಳಾಟಕ್ಕೆ ಕರೆಂಟು ದಂಡ" ಎನ್ನುವರು. ಐದು ನಿಮಿಷಕ್ಕೆ, "ಬಲಗಡೆ ಹಾಕು, ಅಲ್ಲಿ ಗುಳ್ಳೆ ಬರ್ತಿದೆ" ಎನ್ನುವರು. ಒಂದು ವಾರ ಹೀಗೆ ಮೇಲ್ವಿಚಾರಣೆ ನಡೆಸಿ, ಆಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿದರು. ಮತ್ತೆ ಮಧ್ಯಾಹ್ನ ಗೊರಕೆ ಕೇಳಿತು. ಬಸವರಾಜೇಶ್ವರಿಯವರು ಪೀಡೆ ತೊಲಗಿತು ಎಂದುಕೊಂಡರು. ಅಷ್ಟು ವರ್ಷ ಬಾಳಿದವರು ಅಷ್ಟು ಬೇಗ ನಂಬಬಾರದಿತ್ತು.

ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅವರು ಬಡಾವಣೆಯ ಶರಣ ಬಳಗದ ವಚನ ಗಾಯನಕ್ಕೆ ಹೋಗುತ್ತಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ಟಿವಿ ಹಾಕಿದರೆ ವೀರನ ತಲೆಯ ಮೇಲೆ ಕಬ್ಬಿಣದ ಟೋಪಿ, ಎದೆಗೆ ಕವಚ. ಕಾಡುಹಂದಿಯ ಚರ್ಮ ಹೆಗಲ ಮೇಲೆ ನೇತಾಡುತ್ತಿತ್ತು. ಗಿರಿರಾಜನದೇ ಚೇಷ್ಟೆ ಎಂದುಕೊಂಡು ಗುಡಿಸಲ ಹಿಂದೆ ಹೋದರು. ತೊಟ್ಟಿಯಲ್ಲಿ ನೀರಿತ್ತು, ಮೀನಿರಲಿಲ್ಲ. ಒಂದೂ ಇರಲಿಲ್ಲ. ನಾದಿನಿಯೂ ಇಲ್ಲ, ಓರಗಿತ್ತಿಯೂ ಇಲ್ಲ. ಅವರು ವೀರನನ್ನು ತೊಟ್ಟಿಯ ಸುತ್ತ ಮೂರು ಸಲ ತಿರುಗಿಸಿ ನೋಡಿದರು.

ಭಾನುವಾರ ಮೂವರೂ ಊಟಕ್ಕೆ ಕೂತಾಗ ಮಗನನ್ನು ಹಿಡಿದರು. ಗಿರಿರಾಜ್ ಕೈಯೆತ್ತಿ ಆಣೆ ಹಾಕಿದ. "ನಾನ್ಯಾಕಮ್ಮ ಮುಟ್ಲಿ? ಆ ಪೆಟ್ಟಿಗೆ ಮುಟ್ಟಿ ಎಷ್ಟು ದಿನ ಆಯ್ತು." ತಾಯಿ ಮಗ ಇಬ್ಬರೂ ಒಟ್ಟಿಗೆ ಮೇಜಿನ ಆ ತುದಿಗೆ ತಿರುಗಿದರು. ಗುರುಸಿದ್ದಯ್ಯನವರು ಜೀವಮಾನದಲ್ಲೇ ಮೊದಲ ಬಾರಿಗೆ ಸಾರಿನೊಳಗಿನ ಕರಿಬೇವಿನ ಎಲೆಗಳನ್ನು ಒಂದೊಂದಾಗಿ ಹುಡುಕಿ ತಟ್ಟೆಯಂಚಿಗೆ ಜೋಡಿಸುತ್ತಿದ್ದರು.

"ನನ್ನ ಮೀನು ಎಲ್ಲಿ ರೀ?"

"ಯಾರಾದ್ರೂ ಒಬ್ರು ಕೆಲಸ ಮುಂದಕ್ಕೆ ತಗೊಂಡು ಹೋಗ್ಬೇಕಲ್ಲ" ಎಂದರು ಅವರು ತಲೆಯೆತ್ತದೆ. "ಡಿಸ್ಪೋಸ್ ಮಾಡ್ದೆ."

"ಅಂದ್ರೆ?"

"ಕೆರೆ ಪಕ್ಕ ಅಡುಗೆಯವನ ಅಂಗಡಿ ಇಲ್ವಾ, ಅವನಿಗೆ ಮಾರ್ದೆ. ಒಂದು ಟೋಪಿ, ಒಂದು ಕವಚ ಬಂತು. ಸುಮ್ನೆ ತೊಟ್ಟೀಲಿ ಬಿದ್ದಿದ್ವು."

"ಅವನು ಬೇಯಿಸ್ತಾನೆ ರೀ ಅವನ್ನ!"

"ಬೇಯಿಸ್ಲಿ ಬಿಡೇ. ನಾವೇನು ತಿಂದ್ವಾ? ಮಾರಿದ್ವಿ ಅಷ್ಟೆ."

ಇದನ್ನು ಹೇಳಿದ ಬಾಯಿ ಯಾವುದು ಎಂದರೆ, ಮನೆಯ ಮೇಲಿನ ಪೋರ್ಷನ್ನಿಗೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬೋರ್ಡು ಬರೆಸಿ ಗೇಟಿಗೆ ನೇತುಹಾಕಿದ ಬಾಯಿ. ಹಿಂದಿನ ತಿಂಗಳು ಸುಂಕದಕಟ್ಟೆಯಿಂದ ಅರುಣ್ ಕುಮಾರ್, ದಿವ್ಯ ಎಂಬ ಗಂಡ ಹೆಂಡತಿ ಮನೆ ನೋಡಲು ಬಂದಿದ್ದರು. ಅಚ್ಚುಕಟ್ಟಾದ ಜನ. ಹುಡುಗಿ ಪಾಪ, ಸುಳ್ಳು ಹೇಳಲು ಬಾರದೆ, "ಭಾನುವಾರ ಮಾತ್ರ ಮೀನು ಮಾಡ್ತೀವಿ ಅಂಕಲ್, ಕಿಟಕಿ ಮುಚ್ಕೊಂಡು ಮಾಡ್ತೀವಿ" ಅಂದಳು. ಗುರುಸಿದ್ದಯ್ಯನವರು ಅವರು ಕೂತೆದ್ದ ಸೋಫಾದ ಕವರುಗಳನ್ನು ಒಗೆಯಲು ಹಾಕಿಸಿ, ಸಂಜೆಯವರೆಗೆ ವಿಭೂತಿ ಹಚ್ಚಿಕೊಂಡು ಓಡಾಡಿದ್ದರು. ಈಗ ಹನ್ನೆರಡು ಮೀನುಗಳನ್ನು ಅಡುಗೆಯವನ ಬಾಣಲೆಗೆ ಸುರಿದು, ಅನ್ನಕ್ಕೆ ಮೊಸರು ಕಲಸುತ್ತಿದ್ದರು.

ಬಸವರಾಜೇಶ್ವರಿಯವರಿಗೆ ಅಳು ಬಂತು. ಇಲ್ಲದ ಮೀನಿಗೆ ಅಳು ಬಂದದ್ದಕ್ಕೆ ತಮ್ಮ ಮೇಲೇ ರೇಗಿತು. ತಟ್ಟೆ ಬಿಟ್ಟು ಎದ್ದು ಹೋಗಿ ಸಿಂಕಿನ ಮುಂದೆ ನಿಂತರು. ಕೈ ತೊಳೆಯಲು ಬಂದ ಗಿರಿರಾಜ್ ತಾಯಿಯ ಮುಖ ನೋಡಿ ದನಿ ತಗ್ಗಿಸಿದ.

"ಅಮ್ಮ, ಅಪ್ಪಾಜಿನೇ ಈಗ ಹೇಳಿದ್ರು, ತುಂಬಾ ಮುಂದಕ್ಕೆ ಹೋಗ್ಬಿಟ್ಟಿದಾರೆ. ಕೋಟೆ ಬಾಗ್ಲವರೆಗೂ ಹೋಗಿದಾರೆ. ಇನ್ನೊಂದು ಕತ್ತಿ ಸಿಕ್ರೆ ಒಳಗೆ."

"ಹೋಗ್ಲಿ. ರಾಕ್ಷಸ ಇವರನ್ನ ತಿಂದ್ರೂ ಸರಿ."

"ಅದಲ್ಲಮ್ಮ. ಕೋಟೆ ಒಳಗೆ ಹೋದ್ರೆ ಕಥೆ ಪ್ರಕಾರ ಕೆರೆ ಬತ್ತಿ ಹೋಗುತ್ತೆ. ಆಮೇಲೆ ವಾಪಸ್ ಬರೋಕಾಗಲ್ಲ. ರಾಕ್ಷಸ ಸಾಯ್ತಾನೆ, ಆಟ ಮಾಡ್ದೋರ ಹೆಸರೆಲ್ಲ ಬರುತ್ತೆ, ಮುಗೀತು."

ಅವರು ನಲ್ಲಿ ನಿಲ್ಲಿಸಿದರು. "ನನಗೆ ಬೇರೆ ಹಾಕ್ಕೊಡೋ. ಹೊಸದು."

"ಇದ್ರಲ್ಲಿ ಒಂದೇ ಕಥೆ ನಿಲ್ಲೋದು. ಹೊಸದು ಹಾಕಿದ್ರೆ ಹಳೇದು ಅಳಿಸ್ಹೋಗುತ್ತೆ. ಮತ್ತೆ ಕೆರೆ ಬರೋಕೆ ನಲವತ್ತು ಗಂಟೆ ಹೊಡೆದಾಡ್ಬೇಕು. ನಿನಗೆ ಒಂದು ಹಂದಿ ದಾಟಕ್ಕಾಗಲ್ಲ."

"ನೀನೇ ಆಡ್ಕೊಡು."

"ಕ್ಲಿನಿಕ್ ಯಾರು ನೋಡ್ತಾರೆ?"

"ಪ್ಲಾಸ್ಟರ್ ಹಾಕ್ಕೊಂಡು ಬಿದ್ದಿದ್ದಾಗ ಯಾರು ನೋಡಿದ್ರು? ತಾಯಿ ಕೈಯಲ್ಲಿ ತಟ್ಟೆ ಎತ್ತಿಸ್ಕೊಳ್ಳುವಾಗ ಕ್ಲಿನಿಕ್ ನೆನಪಿರ್ಲಿಲ್ಲ, ಅಲ್ವಾ?"

ಗಿರಿರಾಜ್ ಟವಲಿನಿಂದ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೈ ಒರೆಸಿದ. ಕೊನೆಗೆ ಬಾಯಿ ಬಿಟ್ಟ. ಆ ಕತ್ತಿ ದುಡ್ಡಿಗೆ ಸಿಗುವುದಿಲ್ಲ. ಕೆರೆಯ ತಳದಲ್ಲಿ ಒಂದೇ ಒಂದು ದೊಡ್ಡ ಮೀನಿದೆ, ಆಟದೊಳಗೆ ಮಳೆ ಬಂದಾಗ ಮಾತ್ರ ಮೇಲೆ ಬರುತ್ತದೆ. ಅದನ್ನು ಮಾರಿದರೆ ಊರಿನ ಕಮ್ಮಾರ ಬದಲಿಗೆ ಕತ್ತಿ ಕೊಡುತ್ತಾನೆ. ಆ ಮೀನು ಯಾವುದೆಂದು ಬಸವರಾಜೇಶ್ವರಿಯವರಿಗೆ ಅವನು ಹೇಳಬೇಕಾಗಿರಲಿಲ್ಲ. ಅದಕ್ಕೆ ಅವರು ಮುದುಕ ಎಂದು ಹೆಸರಿಟ್ಟಿದ್ದರು. ಎರಡು ಸಲ ಅದರ ಬೆನ್ನು ಕಂಡಿದ್ದರು, ಹಾಯಿಸಿದ ದಾರವನ್ನೆಲ್ಲ ಎಳೆದುಕೊಂಡು ಹೋಗಿತ್ತು.

"ಅದನ್ನ ಹಿಡಿದು ಬಿಟ್ಬಿಟ್ರೆ?"

"ಬಿಟ್ರೆ ಹೋಯ್ತು. ತಳಕ್ಕೆ ಹೋಗುತ್ತೆ, ಮತ್ತೆ ಬರಲ್ಲ. ಆಟ ಅಲ್ಲೇ ಉಳಿಸ್ಕೊಂಡ್ಬಿಡುತ್ತೆ, ಹಿಂದಕ್ಕೂ ಹೋಗೋಕಾಗಲ್ಲ. ಕತ್ತೀನೂ ಇಲ್ಲ, ಕೋಟೆನೂ ಇಲ್ಲ. ಆದ್ರೆ ಯಾರಮ್ಮ ಬಿಡ್ತಾರೆ? ಅದನ್ನ ಹಿಡಿಯೋಕೇ ಜನ ಒದ್ದಾಡ್ತಾರೆ."

ಬಸವರಾಜೇಶ್ವರಿಯವರು ಸೆರಗಿಗೆ ಮುಖ ಒರೆಸಿಕೊಂಡರು.

ಆಮೇಲೆ ಆ ಮನೆಯಲ್ಲಿ ಮುದುಕನಿಗಾಗಿ ಪೈಪೋಟಿ ಶುರುವಾಯಿತು. ಗುಟ್ಟು ರಟ್ಟಾದದ್ದರಿಂದ ಗುರುಸಿದ್ದಯ್ಯನವರಿಗೆ ಈಗ ಮುಚ್ಚುಮರೆ ಇರಲಿಲ್ಲ, ಕನಿಷ್ಠ ಮನೆಯೊಳಗೆ. ಬೆಳಿಗ್ಗೆ ಪೂಜೆ ಮುಗಿಸಿ ಹಣೆಯ ವಿಭೂತಿ ಆರುವ ಮೊದಲೇ ದಿವಾನದ ಮೇಲೆ ಕೂರುವರು. ರಾಕ್ಷಸರ ತಲೆ ಕಡಿಯುವುದರಲ್ಲಿ ಅವರು ನಿಸ್ಸೀಮರು. ಅಲ್ಲಿ ಬೇಕಾದದ್ದು ಒಂದೇ ಗುಂಡಿಯನ್ನು ಎಡೆಬಿಡದೆ ಗುದ್ದುವುದು. ಗಾಳ ಹಾಕಲು ಮಾತ್ರ ಅವರ ಜಾಯಮಾನ ಒಗ್ಗಲಿಲ್ಲ. ಬೆಂಡು ಅಲುಗಿದ ಕೂಡಲೇ ಎಳೆಯುವರು. ಮೀನು ಸಿಟ್ಟಾದರೆ ಇವರು ಅದಕ್ಕಿಂತ ಸಿಟ್ಟಾಗುವರು. ದಾರ ಪಟಕ್ಕನೆ ತುಂಡಾಗುವುದು. "ಈ ದಾರಾನೇ ಕಳಪೆ" ಎಂದು ಆಟದ ಮೇಲೆ ತಪ್ಪು ಹೊರಿಸುವರು.

ಹೆಂಡತಿ ಒಳಗೊಳಗೇ ನಕ್ಕರು. ಆದರೆ ಮುಂದೊಂದು ಶುಕ್ರವಾರ ವಚನ ಗಾಯನ ಮುಗಿಸಿ ಬಂದಾಗ ಅವರ ನಗು ಅಡಗಿತು. ಟಿವಿಯಲ್ಲಿ ಮಳೆ. ದಂಡೆಗೆ ನಾಲ್ಕೇ ಗೇಣು ದೂರದಲ್ಲಿ ಮುದುಕನ ಬೂದು ಬೆನ್ನು. ದಾರ ಕೊನೆಯ ಗಳಿಗೆಯಲ್ಲಿ ಕಡಿದುಹೋಯಿತು. ಗುರುಸಿದ್ದಯ್ಯನವರು ತೊಡೆ ಚಚ್ಚಿಕೊಂಡರು. ಪೆದ್ದನೂ ಕಲಿಯುತ್ತಾನೆ, ಇವರೂ ಕಲಿಯುತ್ತಿದ್ದಾರೆ. ಇನ್ನೊಂದೋ ಎರಡೋ ಮಳೆ, ಅಷ್ಟೆ.

ಕಲಿಯುವಷ್ಟು ತಾಳ್ಮೆಯೂ ಯಜಮಾನರಿಗಿರಲಿಲ್ಲ. ಸೋಮವಾರ ಅವರು ಅಡುಗೆಮನೆಗೆ ಹೋಗಿ, ಡಬ್ಬಿಗಳನ್ನೆಲ್ಲ ತೆಗೆದು ಮುಚ್ಚಿ, ಒಂದು ಲೋಟ ಕಾಫಿ ಮಾಡಿಕೊಂಡು ಹೆಂಡತಿಯ ಮುಂದೆ ತಂದು ಇಟ್ಟರು. ಜೊತೆಗೆ ರಾಜಾಜಿನಗರದವರೆಗೆ ಹೋಗಿ ತಂದ ಕಾಯಿ ಹೋಳಿಗೆ.

"ರಾಜೂ" ಎಂದರು. ಮದುವೆಯಾದ ಹೊಸದರಲ್ಲಿ ಎರಡು ತಿಂಗಳು ಓಡಿ ನಿಂತುಹೋದ ಹೆಸರು ಅದು. "ನಿನ್ನ ಕೈ ಮಾತ್ರ ಏನೇ ಹೇಳು, ಬಂಗಾರ. ಆ ದೊಡ್ಡ ಮೀನು ನಿನಗೇ ಸಿಗೋದು."

ಕಾಫಿಗೆ ಸಕ್ಕರೆಯ ಬದಲು ಏನು ಹಾಕಿದ್ದರೋ, ಬಸವರಾಜೇಶ್ವರಿಯವರು ಒಂದು ಗುಟುಕಿಗೇ ಕೆಳಗಿಟ್ಟರು. "ಸಿಕ್ರೆ?"

"ನನಗೆ ಕೊಡು. ಒಂದು ಕೆಲಸ ಪೂರ್ತಿ ಮಾಡಿ ಮುಗಿಸಿದ ಸಮಾಧಾನ ಇರುತ್ತೆ. ಕೆರೆ ಏನೇ, ಬೇರೆ ಆಟದಲ್ಲಿ ಬೇರೆ ಕೆರೆ ಇರುತ್ತೆ."

ಬೇರೆ ಕೆರೆ! ಮೂರು ತಿಂಗಳ ಹಿಂದೆ ಬೆಂಡು ನೀರಿಗೆ ಬಿದ್ದ ಆ ಮೊದಲ ಸದ್ದು, ಸಂಜೆಯ ಆ ಕೇಸರಿ ನೀರು, ಈ ಮನುಷ್ಯನಿಗೆ ಒಂದು ಸಹಿ ಹಾಕಿ ಮುಚ್ಚಬೇಕಾದ ಕಡತ. ಇಷ್ಟು ಕಾಲ ಗಂಡನ ಮೇಲಿದ್ದದ್ದು ಬರೀ ತಾತ್ಸಾರ. ಅವತ್ತು ಮಾತ್ರ ಅಸಹ್ಯವಾಯಿತು. ಹೋಳಿಗೆ ತಿಂದರು, ಅದರದ್ದೇನು ತಪ್ಪು.

ಬುಧವಾರ ಮೂರೂ ಕಾಲಿಗೆ ಟಿವಿಯೊಳಗೆ ಮೋಡ ಕವಿಯಿತು. ಬಸವರಾಜೇಶ್ವರಿಯವರು ಗಾಳ ಹಾಕಿ ಕಾದರು. ಮಳೆ ಸುರಿಯಿತು. ಬೆಂಡು ಒಮ್ಮೆ ಅಲುಗಿತು, ಎರಡು ಸಲ ಅಲುಗಿತು. ಅದೇ ಹೊತ್ತಿಗೆ ಗೇಟು ಕಿರುಗುಟ್ಟಿ, ಹೊರಗೆ ಚಪ್ಪಲಿ ಬಿಚ್ಚುವ ಸದ್ದಾಯಿತು.

"ಶರಣು ಶರಣಾರ್ಥಿ!"

ಶರಣ ಬಳಗದ ಕಾರ್ಯದರ್ಶಿ ಚನ್ನವೀರೇಶ್. ಜೊತೆಗೆ ಬಳಗದ ಇನ್ನೊಬ್ಬರು ಹಿರಿಯರು, ಫಕೀರೇಶ. ಈ ಸಲ ಗುರುಸಿದ್ದಯ್ಯನವರನ್ನೇ ಬಳಗದ ಅಧ್ಯಕ್ಷರನ್ನಾಗಿ ಮಾಡುವುದೆಂದು ತೀರ್ಮಾನವಾಗಿ, ಅದನ್ನು ತಿಳಿಸಲು ಹಣ್ಣುಹಂಪಲು ಹಿಡಿದು ಬಂದಿದ್ದರು. ಗುರುಸಿದ್ದಯ್ಯನವರು ಒಳಗಿನಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿ ಬಂದರು. ಬಂದವರನ್ನು ನೋಡಿದರು, ಟಿವಿ ನೋಡಿದರು.

"ಆಫ್ ಮಾಡೇ" ಎಂದು ಹಲ್ಲು ಬಿಗಿಹಿಡಿದು ಪಿಸುಗುಟ್ಟಿದರು. "ಮೊದ್ಲು ಆಫ್ ಮಾಡು."

ಬೆಂಡು ಪೂರ್ತಿ ಮುಳುಗಿತು. ಕಂಟ್ರೋಲರ್ ಹಿಂದೆಂದೂ ನಡುಗದ ಹಾಗೆ ನಡುಗಿತು.

"ಬನ್ನಿ ಅಣ್ಣಾರೆ, ಕೂತ್ಕೊಳ್ಳಿ" ಎಂದರು ಬಸವರಾಜೇಶ್ವರಿಯವರು, ಎದ್ದೇಳದೆ. "ಐದು ನಿಮಿಷ. ಮೀನು ಸಿಕ್ಕಿದೆ."

ಬಂದವರಿಬ್ಬರೂ ಸೋಫಾದ ಅಂಚಿನಲ್ಲಿ ಕೂತರು. ಗುರುಸಿದ್ದಯ್ಯನವರು ಬೆವರು ಒರೆಸಿಕೊಂಡು, "ಮಗನದು ಇದು. ಮೊಮ್ಮಕ್ಕಳಿಲ್ಲದ ಮನೆ ನೋಡಿ, ಇವಳೂ ಹೊತ್ತು ಕಳೆಯೋಕೆ... ನಾನಂತೂ ಈ ಕಡೆ ತಲೇನೇ ಹಾಕಲ್ಲ. ಮೀನು ಗೀನು ಅಂದ್ರೆ ನಮಗೆ..." ಎಂದು ಶುರು ಮಾಡಿದರು.

ಮುದುಕ ಮೇಲೆ ಬಂತು. ಟಿವಿಯ ಅರ್ಧ ತುಂಬುವ ದೇಹ, ಪಾಚಿ ಹಿಡಿದ ಬೆನ್ನು. ದಾರ ಕೆಂಪಗಾಯಿತು.

"ಬಿಡು, ಬಿಡು, ಸಡಿಲ ಬಿಡು!" ಗುರುಸಿದ್ದಯ್ಯನವರು ಕುರ್ಚಿಯಿಂದ ಚಿಮ್ಮಿದರು. "ಬಂಡೆ ಕಡೆ ಹೋಗ್ತಾನೆ ಕಣೇ, ಎಡಕ್ಕೆ ತಿರುಗ್ಸು! ಹೋದ್ಸಲ ಅಲ್ಲೇ ಕಡಿದ!"

ಚನ್ನವೀರೇಶ್ ಫಕೀರೇಶರ ಮುಖ ನೋಡಿದರು. ಫಕೀರೇಶ ಬಾಳೆಹಣ್ಣಿನ ಚಿಪ್ಪನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದುಕೊಂಡರು. ಬಸವರಾಜೇಶ್ವರಿಯವರ ಕಿವಿಗೆ ಇದಾವುದೂ ಬೀಳಲಿಲ್ಲ. ಬಿಟ್ಟರು, ಸುತ್ತಿದರು, ಮತ್ತೆ ಬಿಟ್ಟರು. ಹೆಬ್ಬೆರಳು ನೋಯುತ್ತಿತ್ತು. ಹೀಗೆ ಎಷ್ಟು ಹೊತ್ತೋ. ಕೊನೆಗೆ ಆ ಬೆನ್ನು ಒಮ್ಮೆ ಅಡ್ಡಕ್ಕೆ ಹೊರಳಿ ಸುಮ್ಮನಾಯಿತು. ವೀರ ಮುದುಕನನ್ನು ಎರಡು ತೋಳಲ್ಲಿ ಎತ್ತಿ ಹಿಡಿದ. ಟಿವಿಯೊಳಗೆ ತುತ್ತೂರಿ ಮೊಳಗಿತು. ಹತ್ತಿರದಿಂದ ನೋಡಿದರೆ ಮುದುಕನ ಕಣ್ಣು ಎಷ್ಟು ಚೆಂದವಿತ್ತು.

ಮೂರು ಪದಗಳು ಮೂಡಿದವು. ಮಾರು, ಬೇಯಿಸು, ಬಿಡು.

"ಮಾರು" ಎಂದರು ಗುರುಸಿದ್ದಯ್ಯನವರು. ದನಿ ಕೀರಲಾಗಿತ್ತು. "ಮಾರು ರಾಜೂ. ಮಾರು!"

ಬಸವರಾಜೇಶ್ವರಿಯವರು ಬಿಟ್ಟರು.

ಮುದುಕ ನೀರಿಗೆ ಜಾರಿ, ಒಮ್ಮೆ ಬಾಲ ಬಡಿದು, ಕೆಳಗೆ ಕೆಳಗೆ ಇಳಿದು ಕಾಣದಾಯಿತು. ಉಳಿಸಿಕೊಂಡೆ ಎಂದು ಮೂಲೆಯಲ್ಲಿ ಚಕ್ರವೊಂದು ತಿರುಗಿ ನಿಂತಿತು. ಇನ್ನೆಂದೂ ಅದರ ಬೆನ್ನು ಕಾಣುವುದಿಲ್ಲ ಎಂಬುದು ಆಗಷ್ಟೇ ಬಸವರಾಜೇಶ್ವರಿಯವರಿಗೆ ನಾಟಿತು.

"ಬಿಟ್ಟುಬಿಟ್ಯಲ್ಲೇ!" ಶರಣ ಬಳಗದ ಭಾವೀ ಅಧ್ಯಕ್ಷರು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂಗಿದರು. "ಅಂಥ ಮೀನು! ಎಷ್ಟು ದಿನ ಕಾದಿದ್ದೆ ಕಣೇ! ಅದನ್ನ ಮಾರಿದ್ರೆ..." ಅಷ್ಟರಲ್ಲಿ ಸೋಫಾದ ಮೇಲಿದ್ದವರ ನೆನಪಾಗಿ ಬಾಯಿ ತೆರೆದಂತೆಯೇ ನಿಂತಿತು.

ಚನ್ನವೀರೇಶ್ ಒಳ್ಳೆಯ ಮನುಷ್ಯ. ಆ ಮುಜುಗರಕ್ಕೆ ಏನಾದರೂ ಮುಚ್ಚಳ ಹಾಕಬೇಕೆಂದು ಗಂಟಲು ಸರಿಮಾಡಿಕೊಂಡರು. "ಒಳ್ಳೇದು ಮಾಡಿದ್ರಿ ಅಕ್ಕಾವ್ರೆ. ಆಟದಲ್ಲಾದ್ರೂ ಸರಿ, ಜೀವದ ಮೇಲೆ ದಯೆ ಇರ್ಬೇಕು ನೋಡಿ."

"ದಯೆ ಗಿಯೆ ಏನೂ ಇಲ್ಲ ಅಣ್ಣಾರೆ" ಎಂದರು ಬಸವರಾಜೇಶ್ವರಿಯವರು. ಕಣ್ಣುಗಳು ಒದ್ದೆಯಾಗಿದ್ದವು, ಒರೆಸಿಕೊಳ್ಳಲಿಲ್ಲ. "ಅದನ್ನ ಮಾರಿದ್ರೆ ಈ ಕೆರೆ ಬತ್ತಿ ಹೋಗ್ತಿತ್ತು. ಈ ಮನೇಲಿ ನಂದು ಅಂತ ಇರೋದು ಇದೊಂದೇ. ಉಳಿಸ್ಕೊಂಡೆ."

ಅವರು ಎರೆಹುಳು ಸಿಕ್ಕಿಸಿ ಮತ್ತೆ ಗಾಳ ಎಸೆದರು.